ಸಪಾಟ ಸೀಮೆಯ ಕಾಕಾ

ಹೋದ ವಾರ ಮೊರಬದ ಕಟಿಂಗ್ ಅಂಗಡಿಯಲ್ಲಿ ದಾಡಿ ಮುಗಿದ ಮೇಲೆ ಅಂಗಡಿಯ ಅಣ್ಣ ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ಲನ್ನು ನನ್ನ ಮುಖದ ಮೇಲೆ ಹೊದಿಸಿದ. ಹಸಿ ಬಟ್ಟೆ, ಸಾಬೂನು, ನಿಂಬೆ ವಾಸನೆಯ ಲೋಷನ್ನು ಎಲ್ಲ ಒಟ್ಟಿಗೆ ಮೂಗಿಗೆ ಬಡಿದವು. ಆಮೇಲೆ ಆತ ಆಚೆ ಹೋಗಲು ದಾರಿ ಸಾಲದೆ ಕುರ್ಚಿಯನ್ನು ಮೆಲ್ಲಗೆ ತಿರುಗಿಸಿದ. ನನ್ನ ಕೈ ತಾನಾಗಿಯೇ ಹಿಡಿಕೆಯನ್ನು ಬಿಗಿಹಿಡಿಯಿತು. ಇದೇ ಕುರ್ಚಿಯಲ್ಲಿ ಕೂಡಿಸಿ, ಇಂಥದೇ ಟವೆಲ್ಲು ಕಟ್ಟಿ, ಕಾಕಾ ಒಮ್ಮೆ ನನ್ನನ್ನು ಮೋಡದೊಳಗೆ ಕಳಿಸಿದ್ದರು...

ನಮ್ಮ ಬಾಜೂ ಮನೆಯವರು. ರಕ್ತಸಂಬಂಧವೇನಿಲ್ಲ, ಊರೆಲ್ಲ ಕಾಕಾ ಅನ್ನುತ್ತಿತ್ತು, ನಾನೂ ಅಂದೆ. ಎರೆಮಣ್ಣಿನ ಹೊಲವಿತ್ತು, ಪೇಟೆಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಿತ್ತು. ನಲವತ್ತು ದಾಟಿದ ಮೇಲೆ ಬೇರೆಯವರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಇವರಿಗೆ ವಿಮಾನ ಹಾರಿಸುವ ಲೈಸೆನ್ಸು ಬಂತು. ಗೆಳೆಯರೊಂದಿಗೆ ಕೂಡಿ ಎರಡು ಸೀಟಿನ ಹಳೆಯ ವಿಮಾನವೊಂದನ್ನು ದೂರದ ಖಾಸಗಿ ಮೈದಾನದಲ್ಲಿ ಇಟ್ಟುಕೊಂಡಿದ್ದರು. ರವಿವಾರ ಊರ ಮೇಲೆ ಒಂದು ಸುತ್ತು ಹಾಕಿದರೆ ಹೊಲದಲ್ಲಿ ಹೆಸರುಕಾಯಿ ಬಿಡಿಸುವ ಹೆಂಗಸರು ಸೊಂಟ ನೆಟ್ಟಗೆ ಮಾಡಿ ಕೈ ಬೀಸುತ್ತಿದ್ದರು.

ನಾನು ಕೆಳಗೆ ನಿಂತು ಅವರು ವಿಮಾನದ ರೇಡಿಯೋದಲ್ಲಿ ಆಡುವ ಇಂಗ್ಲಿಷನ್ನು ಅಣಕಿಸುತ್ತಿದ್ದೆ. ಊರಲ್ಲಿ ನಾನು ಅಣಕಿಸದವರಿಲ್ಲ: ಬಸ್ಸಿನ ಕಂಡಕ್ಟರು, ಹೆಡ್‌ಮಾಸ್ತರು, ಡಿಗ್ರಿಯಲ್ಲಿ ಮತ್ತೆ ಅದೇ ವಿಷಯಕ್ಕೆ ನಪಾಸಾಗಿ ಮನೆಗೆ ಬಂದ ನಾನು. ಕಾಕಾ ಬಹಳ ಸುಲಭ. ಮಾತಿಗೆ ಮುಂಚೆ ಚಳಿಗೆ ಸ್ಟಾರ್ಟಾಗದ ಟ್ರ್ಯಾಕ್ಟರಿನಂತೆ ಗಂಟಲು ಕೆರೆಯಬೇಕು, ಆಮೇಲೆ ‘ತೀರಾ’ ಅನ್ನುವ ಕಡೆಯೆಲ್ಲ ‘ಅಗದಿ’ ಹಚ್ಚಬೇಕು. ಅಷ್ಟು ಮಾಡಿದರೆ ಕಾಕಿಯೂ ಒಳಗಿನಿಂದ “ಬಂದ್ರಿ?” ಅನ್ನುತ್ತಿದ್ದರು.

ಒಮ್ಮೆ ಈ ಅಂಗಡಿಯಲ್ಲಿ ಸರದಿಗೆ ಕೂತಾಗ ಮೋಡದ ಬಗ್ಗೆ ಕೇಳಿದೆ. “ಕಾಕಾ, ವಿಮಾನ ಮಾಡದಾಗ ಹೊಕ್ರ ಏನ ಆಕ್ಕೈತ್ರಿ? ವೈಪರ್ ಚಾಲೂ ಮಾಡಿದ್ರ ಆತಲ್ಲ.”

“ಕುಂದರಲೇ ಮಂಗ್ಯಾ,” ಎಂದು ಕುರ್ಚಿಗೆ ತಳ್ಳಿ, ಕಣ್ಣಿಗೆ ಟವೆಲ್ಲು ಕಟ್ಟಿ, ಒಂದೇ ಹದದಲ್ಲಿ ತಿರುಗಿಸತೊಡಗಿದರು. ಮೊದಲು ತಿರುಗಿದ್ದು ತಿಳಿಯಿತು. ಆಮೇಲೆ ನಿಂತಿತು. “ಯಾಕ ನಿಲ್ಲಿಸಿದ್ರಿ?” ಎಂದೆ. ಅಂಗಡಿಯೆಲ್ಲ ನಕ್ಕಿತು, ಕುರ್ಚಿ ಇನ್ನೂ ತಿರುಗುತ್ತಿತ್ತಂತೆ. ಸ್ವಲ್ಪ ಹೊತ್ತಿಗೆ “ಈಗ ಉಲ್ಟಾ ತಿರಗಸಾಕತ್ತೀರಿ!” ಎಂದು ಚೀರಿ ಟವೆಲ್ಲು ಕಿತ್ತರೆ ಕುರ್ಚಿ ಸುಮ್ಮನೆ ನಿಂತಿದೆ, ಕಾಕಾ ಬಾಗಿಲ ಬಳಿ ಕೈಕಟ್ಟಿಕೊಂಡು ನಿಂತಿದ್ದಾರೆ.

“ಮಾಡದಾಗ ಕಿವಿ ಸುಳ್ಳ ಹೇಳತೈತಿ, ಕುಂಡಿನೂ ಸುಳ್ಳ ಹೇಳತೈತಿ. ಮುಂದಿನ ಮೀಟರಿನ ಮುಳ್ಳ ಅಷ್ಟ ಖರೆ.”

“ಹಂಗಾರ ಮುಳ್ಳ ನೋಡಿ ಹೊಡೀರಿ.”

“ಅದಕ್ಕ ಬ್ಯಾರೆ ಪರೀಕ್ಷಾ ಐತಲೇ. ನಂದು ನೆಲಾ ಕಂಡ್ರ ಹಾರು ಅನ್ನೂ ಲೈಸೆನ್ಸ್. ಮಾಡದಾಗ ಸಿಕ್ಕರ ಹಿಂದಕ್ಕ ಹೊಳ್ಳಿ ಬರೂವಷ್ಟ ಕಲಿಸ್ಯಾರ.”

“ಪರೀಕ್ಷಾಕ್ಕ ಹೋಗಿ ಹೊಳ್ಳಿ ಬರೂದು ನನಗೂ ಬರತೈತ್ರಿ,” ಎಂದೆ. ತಲೆಗೊಂದು ಬಿತ್ತು.

ಆ ಬೇರೆ ಪರೀಕ್ಷೆಗೂ ಅವರು ಕಲಿಯತೊಡಗಿದರು. ಹೊರಗಿನದೇನೂ ಕಾಣದಂತೆ ಹಣೆಗೆ ಮರೆ ಕಟ್ಟಿಕೊಂಡು, ಬರೀ ಮುಳ್ಳು ನೋಡಿ ಹಾರಿಸುವುದು. ಅರ್ಧ ಆಗಿತ್ತು, ಕಲಿಸುವವನು ಬೇರೆ ಊರಿಗೆ ಹೋದ. ಉಳಿದರ್ಧ ಹಾಗೇ ಉಳಿಯಿತು. ಏನೂ ಬಾರದಿದ್ದಾಗ ಬೆರಳಗಲದ ಮೋಡ ಕಂಡರೂ ಕಾಕಾ ಮನೆಯಲ್ಲೇ ಇರುತ್ತಿದ್ದರು. ಅರ್ಧ ಬಂದ ಮೇಲೆ ಇರಲಿಲ್ಲ...

ಶ್ರಾವಣದ ಒಂದು ಮುಂಜಾನೆ ಕಾಕಿ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತ ಮುಗಿಲು ನೋಡಿ ಅಂದರು: “ಮಾಡ ಕವದೈತ್ರಿ. ಇವತ್ತ ಬ್ಯಾಡ.”

ಕಾಕಾ ಗಂಟಲು ಕೆರೆದರು. “ನಮ್ಮ ಸೀಮಿ ಅಗದಿ ಸಪಾಟ ಐತಿ. ಕೆಳಗ ಇಳಕೋತ ಬಂದ್ರೂ ಬಡಿಯಾಕ ಏನೈತಿ, ಜ್ವಾಳದ ದಂಟ?”

ಎರೆ ಸೀಮೆಯವರ ಮಾತು ಅದು. ನಮ್ಮ ಕಡೆ ಎತ್ತರ ಅಂದರೆ ನವಲಗುಂದದ ಗುಡ್ಡ, ಅದು ಬಿಟ್ಟರೆ ಬಣವಿ. ಭೂಮಿಯೆಲ್ಲ ಹೀಗೇ ಲಟ್ಟಿಸಿ ಇಟ್ಟಿದೆ ಎಂದು ನಮ್ಮವರು ಒಳಗೊಳಗೇ ನಂಬಿರುತ್ತಾರೆ. ಆದರೆ ಆ ದಿನ ಕಾಕಾ ನಮ್ಮ ಸೀಮೆಯ ಮೇಲಿರಲಿಲ್ಲ. ಕಲಘಟಗಿ ಕಡೆ ಹೋಗಿದ್ದರು. ಅಲ್ಲಿ ಮಣ್ಣು ಕೆಂಪು, ನೆಲ ಏಳುತ್ತದೆ, ಬೀಳುತ್ತದೆ.

ಮೈದಾನದಲ್ಲಿ ರೇಡಿಯೋ ನೋಡಿಕೊಳ್ಳುವವರು ಆಮೇಲೆ ಮನೆಗೆ ಬಂದು ಹೇಳಿದರು. ಮೋಡದೊಳಗೆ ಸಿಕ್ಕಿದ್ದೇನೆ, ನೆಟ್ಟಗೆ ಸಪಾಟವಾಗಿ ಹೊರಟಿದ್ದೇನೆ ಎಂದು ಕಾಕಾ ಇಂಗ್ಲಿಷಿನಲ್ಲಿ ಹೇಳಿದ್ದರಂತೆ. ಅದೇ ಕೊನೆಯ ಮಾತು. ಗೋವಿನಜೋಳದ ಹೊಲದಲ್ಲಿದ್ದವರು ಕಂಡದ್ದು ಬೇರೆ: ವಿಮಾನ ಒಂದು ಮಗ್ಗುಲಿಗೆ ವಾಲಿಕೊಂಡು, ತಿರುಗುತ್ತ ತಿರುಗುತ್ತ ಮೋಡದಿಂದ ಕೆಳಗೆ ಬಂದು ಗುಡ್ಡಕ್ಕೆ ಹೊಡೆಯಿತು. ರೇಡಿಯೋದಲ್ಲಿ ಕಾಕಾ ಅವರ ದನಿಯಲ್ಲಿ ಹೆದರಿಕೆಯೇ ಇರಲಿಲ್ಲವಂತೆ. ಹೇಗಿರುತ್ತದೆ... ತಿರುಗುವ ಕುರ್ಚಿ ನಿಂತಿದೆ ಎಂದು ಅವತ್ತು ನಾನೂ ಆಣೆ ಮಾಡಿ ಹೇಳುತ್ತಿದ್ದೆನಲ್ಲ.

ತಿಂಗಳು ಕಳೆದ ಮೇಲೆ ಕಾಕಿ ಕರೆದರು. ಚಹಾ ಕೊಟ್ಟರು.

“ಅವ್ರು ಇಂಗ್ಲಿಷನ್ಯಾಗ ಏನ ಅಂದ್ರೋ ನನಗ ತಿಳೀಲಿಲ್ಲಪಾ. ಅವರ ದನೀಲೆ, ನಮ್ಮ ಮಾತನ್ಯಾಗ, ಒಮ್ಮೆ ಅನ್ನು.”

ಅಣಕಿಸು ಎಂದು ಅಲ್ಲಿಯತನಕ ನನ್ನನ್ನು ಯಾರೂ ಕೇಳಿದ್ದೇ ಇರಲಿಲ್ಲ. ಎಲ್ಲರೂ ಸಾಕು ಮಾಡು ಅನ್ನುವವರೇ. ಗಂಟಲು ಕೆರೆದೆ. “ಅಗದಿ ಸಪಾಟ ಹೊಂಟೀನಿ.”

ಕಾಕಿ ನನ್ನನ್ನು ನೋಡಲಿಲ್ಲ. ಬಾಗಿಲಾಚೆ ಮುಗಿಲು ನೋಡುತ್ತಿದ್ದರು.

“ಹೊಳ್ಳಿ ಬರ್ರಿ,” ಎಂದರು.

ಮುಂದಿನ ಮಾತು ನಾನು ಹೇಳಬೇಕಿತ್ತು. ಆ ದನಿಯಲ್ಲಿ ನನ್ನ ಬಳಿ ಮುಂದಿನ ಮಾತೇ ಇರಲಿಲ್ಲ. ಕಾಕಿ ಕಾದರು. “ಹೊಳ್ಳಿ ಬರ್ರಿ ಅಂದೆ.” ಚಹಾದ ಮೇಲೆ ಕೆನೆ ಕಟ್ಟಿತು...

ಆಮೇಲೂ ಕರೆಯುತ್ತಿದ್ದರು, ನಾನು ಹೋಗುತ್ತಿದ್ದೆ. ಅದೇ ಮಾತು, ಅದೇ ಉತ್ತರ, ಅಲ್ಲಿಗೇ ನಿಲ್ಲುತ್ತಿತ್ತು. ಹೋದ ವರ್ಷ ಕಾಕಿಯೂ ತೀರಿಕೊಂಡರು. ಈಗ ಆ ದನಿ ಬೇಕೆಂದು ಕೇಳುವವರು ಯಾರೂ ಇಲ್ಲ. ಟವೆಲ್ಲಿನ ಕೆಳಗೆ ಮೆಲ್ಲಗೆ ಒಮ್ಮೆ ಗಂಟಲು ಕೆರೆದು ನೋಡಿದೆ. ಬಂತು. ಹಾಗೇ ಇದೆ, ಹಾಳಾದ್ದು, ಚೂರೂ ಸವೆದಿಲ್ಲ.

“ಏನಲೇ, ನಿದ್ದಿ ಹತ್ತಿತೇನ?” ಅಂಗಡಿಯ ಅಣ್ಣ ಟವೆಲ್ಲು ತೆಗೆದ. “ಕುರ್ಚಿ ಆವಾಗ್ಲೇ ನಿಂತೈತಿ, ಹಿಡಿಕಿ ಬಿಡು. ಮಂದಿ ಕುಂತಾರ.”

ನಿಂತಿತ್ತು, ಕಣ್ಣಿಗೆ ಕಾಣುತ್ತಿತ್ತು. ಹಿಡಿಕೆ ಬಿಡಲು ಮಾತ್ರ ಆಗಲಿಲ್ಲ.