ಅಕ್ಕ ಬಿಡದ ಚಂದ್ರಿಕೆ

ನಾನು ಚಿಕ್ಕವನಿದ್ದಾಗ ಬೇಸಿಗೆ ಅಂದರೆ ಆಟದ ಕಾಲವಲ್ಲ ಮಕ್ಕಳೇ, ರೇಷ್ಮೆಹುಳುಗಳ ಜೀವ ಉಳಿಸುವ ಕಾಲ. ಯಲ್ದೂರಿನ ಆಚೆ ಬೆಟ್ಟದ ಬುಡದಲ್ಲಿ ನಮ್ಮ ಮನೆ. ಸೂರಿಗೆ ಕಲ್ಲುಚಪ್ಪಡಿ. ಮಧ್ಯಾಹ್ನವಾದರೆ ಅದು ರೊಟ್ಟಿ ಸುಡುವ ಹೆಂಚಿನಂತೆ ಕಾಯುತ್ತಿತ್ತು. ಫ್ಯಾನು ಒಂದು ಗಳಿಗೆ ನಿಂತರೆ ನೀವು ಮನೆಯನ್ನೇ ತಲೆ ಮೇಲೆ ಹೊತ್ತುಕೊಳ್ಳುತ್ತೀರಿ. ನಮ್ಮ ಹುಳುಗಳು ಪಾಪ, ಸೆಕೆಗೆ ಸದ್ದಿಲ್ಲದೆ ಸಾಯುತ್ತಿದ್ದವು.

ಆ ವರ್ಷ ಹುಳು ಹಣ್ಣಾಗಿ ನೂಲು ಬಿಡುವ ಹೊತ್ತಿಗೆ ಬಿಸಿಲು ಅತಿಯಾಯಿತು. ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಡುತ್ತಾರೆ. ಚಂದ್ರಿಕೆ ಅಂದರೆ ಬಿದಿರಿನ ದೊಡ್ಡ ತಟ್ಟಿ; ಅದರ ಮೇಲೆ ಸುರುಳಿಯಾಗಿ ಕೂರಿಸಿದ ದಬ್ಬೆಗಳ ಸಂದಿಯಲ್ಲಿ ಹುಳು ಗೂಡು ಕಟ್ಟುತ್ತದೆ. ಹಿಂದಿನ ಬೆಳೆ ಪೂರ್ತಿ ಸತ್ತಿತ್ತು. ಇದೂ ಹೋದರೆ ಮನೆಯಲ್ಲಿ ರಾಗಿಗೂ ಗತಿ ಇರಲಿಲ್ಲ. ಅದಕ್ಕೇ ಅಪ್ಪ ಬೆಳಿಗ್ಗೆಯೇ ಚಂದ್ರಿಕೆಗಳನ್ನೆಲ್ಲ ಹೊತ್ತು ಊರ ಪಕ್ಕದ ವಂಕಕ್ಕೆ ಇಳಿಸಿದ. ಬೆಟ್ಟದಿಂದ ಇಳಿದು ಬರುವ ಹಳ್ಳಕ್ಕೆ ನಮ್ಮ ಕಡೆ ವಂಕ ಅನ್ನುತ್ತಾರೆ. ಅದು ನೀರು ಕಂಡು ಎಷ್ಟೋ ತಿಂಗಳಾಗಿತ್ತು. ಮರಳಿನ ನಡುವೆ ಎರಡು ಹಳೆಯ ಹೊಂಗೆ ಮರಗಳಿದ್ದವು. ಅಲ್ಲಿ ನೆರಳು ತಣ್ಣಗಿತ್ತು, ಗಾಳಿಯೂ ಆಡುತ್ತಿತ್ತು. ಚಂದ್ರಿಕೆಗಳನ್ನು ಮರಕ್ಕೆ ಒರಗಿಸಿ ನಿಲ್ಲಿಸಿದೆವು. ಹದಿಮೂರು ವರ್ಷದ ಅಕ್ಕನಿಗೆ ಕಾಗೆ ಓಡಿಸುವ ಕೆಲಸ. ಎಂಟು ವರ್ಷದ ನನಗೆ ದಡದ ಬಂಡೆ ಮೇಲೆ ಕೂತು ಬೆಟ್ಟ ನೋಡುವ ಕೆಲಸ.

ಊಟದ ಹೊತ್ತು ದಾಟಿದ ಮೇಲೆ ಬೆಟ್ಟದ ತುದಿ ಮಾಯವಾಯಿತು. ಮೋಡ ಅಷ್ಟು ಕಪ್ಪಗಿತ್ತು. ದೂರದಲ್ಲಿ ಗುಡುಗು ಉರುಳಿತು. ನಮ್ಮ ತಲೆಯ ಮೇಲೆ ಮಾತ್ರ ಸುಡುವ ಬಿಸಿಲು.

“ಅಪ್ಪಾ, ಬೆಟ್ಟ ಕಾಣ್ತಿಲ್ಲ” ಎಂದೆ.

“ಬೆಟ್ಟದ ಮಳೆ ಬೆಟ್ಟಕ್ಕೇ ಕಣೋ. ಇಲ್ಲಿ ಒಂದು ಹನಿನಾದ್ರೂ ಬಿದ್ದೈತಾ? ನೂಲು ಬಿಡೋ ಹುಳ ಅಲುಗಿಸಿದ್ರೆ ಗೂಡು ಕೆಟ್ಟೋಗ್ತೈತೆ. ಸಂಜೆ ಎತ್ತಾಣ” ಎಂದ ಅಪ್ಪ.

ಅಪ್ಪ ಹೇಳಿದ್ದು ಸುಳ್ಳಲ್ಲ. ನೂಲು ಬಿಡುವಾಗ ಅಲುಗಾಡಿಸಬಾರದು ಅಂತ ಹುಳು ಸಾಕುವ ಮನೆಯ ಕೂಸಿಗೂ ಗೊತ್ತು. ನಾನು ಸುಮ್ಮನಾದೆ. ಹಾಗೆ ಸುಮ್ಮನಾದದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಕೋಪವಿದೆ. ಸ್ವಲ್ಪ ಹೊತ್ತಿಗೆ ಬೆಟ್ಟದ ಕಡೆಯಿಂದ ತಣ್ಣನೆ ಗಾಳಿ ಬೀಸಿತು, ಹಸಿಮಣ್ಣಿನ ವಾಸನೆ ಬಂತು. ಇನ್ನು ಹುಳು ಬದುಕಿಕೊಂಡವು ಎಂದು ಅಪ್ಪ ಖುಷಿಪಟ್ಟ.

ಆಮೇಲೆ ಕೇಳಿದ್ದು ಲಾರಿ ಬರುವಂಥ ಸದ್ದು. ಲಾರಿ ಬರುವ ದಾರಿಯೇ ಆಗ ನಮ್ಮೂರಿಗೆ ಇರಲಿಲ್ಲ. ಮೇಲುಗಡೆ ಕುರಿ ಮೇಯಿಸುತ್ತಿದ್ದವನೊಬ್ಬ “ವಂಕ ವಸ್ತಾ ಉಂದಿ, ಪೈಕಿ ರಾಂಡಿ” ಎಂದು ಕೂಗುತ್ತಾ ಓಡಿಬಂದ. ಹಳ್ಳ ಬರುತ್ತಿದೆ, ಮೇಲೆ ಬನ್ನಿ ಅಂತ ತೆಲುಗಿನಲ್ಲಿ.

ಅಪ್ಪ ಮೊದಲು ಓಡಿದ್ದು ಚಂದ್ರಿಕೆಗಳ ಕಡೆಗೆ. ಇದನ್ನು ನಿಮ್ಮಿಂದ ಮುಚ್ಚಿಡಲಾರೆ. ಎರಡನ್ನು ಎತ್ತಿಕೊಂಡು, “ನೀನೂ ಒಂದು ಎತ್ಕೊಂಡು ಬಾರಮ್ಮ, ಬಿಡಬೇಡ” ಎಂದು ಅಕ್ಕನಿಗೆ ಕೂಗಿ ದಡ ಹತ್ತಿದ. ಅಕ್ಕ ತನಗಿಂತ ಅಗಲದ ಚಂದ್ರಿಕೆಯನ್ನು ಎಳೆದುಕೊಂಡು ನಾಲ್ಕು ಹೆಜ್ಜೆ ಇಟ್ಟಿರಬೇಕು, ಅಷ್ಟರಲ್ಲಿ ಕಸಕಡ್ಡಿ, ನೊರೆ ಹೊತ್ತ ಕೆಂಪು ನೀರು ಬಂದೇ ಬಿಟ್ಟಿತು. ಮೊಣಕಾಲು ಅನ್ನುವುದರೊಳಗೆ ಸೊಂಟ ಮುಟ್ಟಿತು. ಅವಳು ಹಿಂದಕ್ಕೆ ತಿರುಗಿ ಒಂದು ಕೈಯಲ್ಲಿ ಹೊಂಗೆಯ ಕೊಂಬೆ ಹಿಡಿದಳು. ಇನ್ನೊಂದು ಕೈಯಲ್ಲಿ ಚಂದ್ರಿಕೆ. ನೀರು ಚಂದ್ರಿಕೆಯ ಜೊತೆಗೆ ಅವಳನ್ನೂ ಜಗ್ಗುತ್ತಿತ್ತು.

“ಬಿಟ್ಬಿಡಮ್ಮ, ಹುಳ ಹಾಳಾಗೋಗ್ಲಿ, ಬಿಟ್ಬಿಡು” ಎಂದು ಅಪ್ಪ ಗಂಟಲು ಹರಿಯುವಂತೆ ಕೂಗಿದ. ನಾನೂ ಕೂಗಿದೆ. ನೀರಿನ ಅಬ್ಬರದಲ್ಲಿ ಅದು ಅವಳಿಗೆ ಕೇಳಿಸಲಿಲ್ಲ. ಬಿಡಬೇಡ ಅಂದದ್ದಷ್ಟೇ ಕೇಳಿಸಿತ್ತು.

ಅಪ್ಪನಿಗೆ ಈಜು ಬರುತ್ತಿರಲಿಲ್ಲ. ದಡದಲ್ಲೇ ಹಳ್ಳದ ಮೇಲ್ಗಡೆಗೆ ಸ್ವಲ್ಪ ಓಡಿಹೋಗಿ ನೀರಿಗೆ ಹಾರಿದ. ಎರಡು ಸಲ ಅವನ ತಲೆ ಮುಳುಗಿದ್ದನ್ನು ಕಂಡೆ. ಇಬ್ಬರೂ ಹೋದರು ಅಂದುಕೊಂಡೆ. ಪ್ರವಾಹವೇ ಅವನನ್ನು ತಂದು ಮರಕ್ಕೆ ಅಪ್ಪಳಿಸಿತು. ಅಕ್ಕನ ಕೈಯಿಂದ ಚಂದ್ರಿಕೆಯನ್ನು ಕಿತ್ತು ಬಿಟ್ಟು, ಅವಳನ್ನು ಕವಲಿಗೆ ನೂಕಿ, ತಾನು ಕಾಂಡ ತಬ್ಬಿ ನಿಂತ. ಅಷ್ಟರಲ್ಲಿ ಅಮ್ಮ ಓಡಿಬಂದಳು. ಹೊತ್ತು ಇಳಿಯುವವರೆಗೂ ಅಮ್ಮ, ನಾನು ದಡದಲ್ಲಿ ಕೂತು ಅವರ ಹೆಸರು ಕೂಗುತ್ತಲೇ ಇದ್ದೆವು. ಸುಮ್ಮನಾದರೆ ಕೈ ಬಿಟ್ಟುಬಿಡುತ್ತಾರೇನೋ ಎಂಬ ಭಯ.

ನೀರು ತಗ್ಗಿದ ಮೇಲೆ ಕುರಿಯವನು ಗಳ ಚಾಚಿ ಇಬ್ಬರನ್ನೂ ದಡಕ್ಕೆ ತಂದ. ಬಿದಿರಿಗೆ ಉಜ್ಜಿ ಅಕ್ಕನ ಅಂಗೈ ಸುಲಿದುಹೋಗಿತ್ತು. ಹಲ್ಲು ಕಟಕಟ ಅನ್ನುತ್ತಿದ್ದವು. ಅವಳು ಆಡಿದ ಮೊದಲ ಮಾತು, “ಚಂದ್ರಿಕೆ ಹೋಯ್ತಪ್ಪಾ, ಬೈಬೇಡ.”

ಅಪ್ಪ ಅವಳ ಒದ್ದೆ ತಲೆಯನ್ನು ಎದೆಗೆ ಒತ್ತಿಕೊಂಡು ಗೋಳೋ ಎಂದು ಅತ್ತುಬಿಟ್ಟ. ತಾನು ಉಳಿಸಿಕೊಂಡ ಎರಡು ಚಂದ್ರಿಕೆಗಳ ಕಡೆ ತಿರುಗಿಯೂ ನೋಡಲಿಲ್ಲ.

ಈಗ ನಿಮ್ಮ ಹುಳುಮನೆಗೆ ಕೂಲರ್ ಇದೆ. ಗುಡುಗು ಮಳೆ ಬರುತ್ತದೆ ಅಂತ ಮೊಬೈಲೇ ಕೂಗಿ ಹೇಳುತ್ತದೆ. ವಂಕವನ್ನು ಎರಡೂ ಕಡೆಯಿಂದ ಒತ್ತರಿಸಿ ರಸ್ತೆ ಮಾಡಿದ್ದಾರೆ, ನಿಮ್ಮ ಸ್ಕೂಲ್ ಬಸ್ಸು ಬರುವುದು ಅದರಲ್ಲೇ. ಮೊನ್ನೆ ಮೊಬೈಲ್ ಕೂಗಿದಾಗ ನಿಮ್ಮಪ್ಪ ಓದಿ ಜೇಬಿಗೆ ಹಾಕಿಕೊಂಡ. ನಾನು ಚಪ್ಪಲಿಯೂ ಇಲ್ಲದೆ ಓಡಿಹೋಗಿ, ಬಸ್ಸಿಗೆ ಅಡ್ಡ ನಿಂತು, ಮಕ್ಕಳನ್ನೆಲ್ಲ ಇಳಿಸಿ ದಿಬ್ಬ ಹತ್ತಿಸಿದೆ. ಅವತ್ತು ಮಳೆಯೇ ಬರಲಿಲ್ಲ. ಡ್ರೈವರ್ ಬೈದ, ಮಕ್ಕಳೆಲ್ಲ ನಕ್ಕರು, ನೀವಿಬ್ಬರೂ ನಾಚಿಕೆಯಿಂದ ನನ್ನ ಜೊತೆ ಮಾತು ಬಿಟ್ಟಿರಿ. ನಗಲಿ ಬಿಡಿ. ಮುಂದಿನ ಸಲವೂ ಇಳಿಸುತ್ತೇನೆ.