ಅರಕಲಗೂಡು ದಾರಿಯ ಹರಿದ ಹಾರನ್ನು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಮೊದಲು ತಾರೀಖು ಕೇಳುತ್ತಿದ್ದೆ. ಹೇಳಲಾರದವರನ್ನು ನಂಬುತ್ತಿರಲಿಲ್ಲ. ಆದ್ದರಿಂದ ನನ್ನ ಡೈರಿಯಲ್ಲಿರುವುದನ್ನು ಮೊದಲೇ ಹೇಳಿಬಿಡುತ್ತೇನೆ: ೧೯೪೦ರ ಫೆಬ್ರವರಿ ೧೩, ಮಂಗಳವಾರ, ಮಧ್ಯಾಹ್ನ ಮೂರಕ್ಕೆ ಐದು ನಿಮಿಷ. ಬಿಸಿಲು ಚೆನ್ನಾಗಿತ್ತು.

ನಾನಾಗ ಹಾಸನದ ಒಬ್ಬ ಹೊಗೆಸೊಪ್ಪಿನ ವ್ಯಾಪಾರಿಯ ಬಳಿ ಗುಮಾಸ್ತ. ಕೊಣನೂರಿನಲ್ಲಿ ಸೊಪ್ಪಿನ ಮಾದರಿ ನೋಡಿ ಸಂಜೆಯೊಳಗೆ ಹಿಂತಿರುಗಬೇಕಾಗಿದ್ದರಿಂದ ಬಾಡಿಗೆ ಕಾರು ಗೊತ್ತುಮಾಡಿದ್ದರು. ಹೊರಟು ಆರು ಮೈಲಿಯೊಳಗೆ ಹಾರನ್ನಿನ ರಬ್ಬರ್ ಬುರುಡೆ ಹರಿಯಿತು. ಡ್ರೈವರ್ ಪುಟ್ಟಸ್ವಾಮಿ ಹಿಸುಕಿ ತೋರಿಸಿದ, ಬರಿ ಗಾಳಿ. "ಇವತ್ತೆಲ್ಲ ನನ್ ಬಾಯೇ ಆರನ್ನು ಸಾ" ಎಂದ. ಕೊಣನೂರು ತಲುಪುವವರೆಗೆ ಹನ್ನೊಂದು ಸಲ ಕೂಗಿದ. ಅಲ್ಲಿ ಬೇರೆ ಬುರುಡೆ ಸಿಕ್ಕಲಿಲ್ಲ.

ಹಿಂತಿರುಗುವಾಗ, ಅರಕಲಗೂಡು ದಾಟಿದ ಮೇಲೆ, ಒಂದು ಇಳಿಜಾರಿನ ತಿರುವಿನಲ್ಲಿ ಗಂಡಹೆಂಡಿರಿಬ್ಬರು ನಡುರಸ್ತೆಯಲ್ಲಿ ಹೋಗುತ್ತಿದ್ದರು. ಗಂಡ ಮುಂದೆ, ತಲೆಯ ಮೇಲೆ ಹುಲ್ಲಿನ ಹೊರೆ. ಹಿಂದಿದ್ದ ಹೆಂಗಸು ಪಕ್ಕಕ್ಕೆ ಹಾರಿ ಚೀರಿಕೊಂಡಳು. ಆತ ತಿರುಗಲಿಲ್ಲ. ಬ್ರೇಕು ಹಾಕಿದರೂ ಕಾರು ಜಲ್ಲಿಯ ಮೇಲೆ ಜಾರುತ್ತಲೇ ಇತ್ತು. ಪುಟ್ಟಸ್ವಾಮಿ ಗಾಬರಿಯಲ್ಲಿ, ಅಭ್ಯಾಸಬಲದಿಂದ, ಆ ಹರಿದ ಬುರುಡೆಯನ್ನೇ ಎರಡು ಸಲ ಹಿಸುಕಿದ. ಪಕ್ಕದಲ್ಲೇ ಕುಳಿತಿದ್ದ ನನಗೆ ಯಾವ ಸದ್ದೂ ಕೇಳಿಸಲಿಲ್ಲ. ಆದರೆ ಆತ ಸರಕ್ಕನೆ ಎಡಕ್ಕೆ ಸರಿದು ನಿಂತ. ಕಾರು ಅವನನ್ನು ದಾಟಿ ಮುಂದೆ ಹೋಗಿ ನಿಂತಿತು.

ನಾವು ಇಳಿದು ಓಡಿದೆವು. ಅವನಿಗೆ ಎರಡು ಕಿವಿಯೂ ಕೇಳಿಸುವುದಿಲ್ಲವೆಂದು ಹೆಂಗಸು ಹೇಳಿದಳು. ಮಗಳು ಮಂಜಿ ಹುಟ್ಟಿದ ವರ್ಷ ಜ್ವರ ಬಂದು ಕಿವಿ ಹೋದದ್ದು, ಆ ಮಗುವಿನ ಅಳುವನ್ನೂ ಆತ ಕೇಳಿಲ್ಲ. ಹಾಗಾದರೆ ಸರಿದದ್ದು ಹೇಗೆಂದು ನಾವು ಸನ್ನೆಮಾಡಿ ಕೇಳಿದೆವು. ಆತ ಹೊರೆ ಕೆಳಗೆ ಹಾಕಿ ಎರಡು ಬೆರಳು ಎತ್ತಿದ.

"ಎಲ್ಡು ಕಿತ ಕೂಗ್ತಲ್ಲ. ಕೇಳುಸ್ತು ನಂಗೆ."

ಆಮೇಲೆ ಕಾರಿನ ಬಳಿಗೆ ಬಂದು ಹಾರನ್ನಿನ ಬಾಯಿಗೆ ಕಿವಿ ಒಡ್ಡಿ ನಿಂತ. "ಇನ್ನೊಂದ್ ಕಿತ ಊದು ಸಾಮಿ" ಎಂದ. ಪುಟ್ಟಸ್ವಾಮಿ ಹಿಸುಕಿದ. ಆತ ಕಾದ. ಮತ್ತೆ ಹಿಸುಕಿದ. ನಾನು ಎಣಿಸುವುದನ್ನು ಬಿಟ್ಟೆ.

ಹೆಂಗಸು ಅವನ ಬೆನ್ನ ಹಿಂದೆ ಬಂದು ನಿಂತಳು. "ಮಂಜಿ ಅಪ್ಪಾ" ಎಂದಳು. ಅಲುಗಾಟವಿಲ್ಲ. ಒಮ್ಮೆ ನಮ್ಮ ಮುಖ ನೋಡಿ, ಸೆರಗು ಬಿಗಿಹಿಡಿದು, ಇನ್ನೂ ಹತ್ತಿರ ಬಂದಳು.

"ಕಾಳೇಗೌಡಾ."

ಗಂಡನ ಹೆಸರನ್ನು ಅವಳು ಅದುವರೆಗೆ ಬಾಯಿ ಬಿಟ್ಟು ಹೇಳಿರಲಾರಳು. ಪುಟ್ಟಸ್ವಾಮಿ ತಲೆ ತಗ್ಗಿಸಿದ. ಇನ್ನೊಮ್ಮೆ, ಗಟ್ಟಿಯಾಗಿ, ಕೂಗಿದಳು. ಆತ ಹಾರನ್ನಿಗೆ ಕಿವಿಯಿಟ್ಟೇ ಇದ್ದ. ನಮ್ಮ ಮುಖ ಕಂಡು ತಿರುಗಿ, ಏನೆಂದು ಕೈಯಾಡಿಸಿ ಕೇಳಿದ. ಆಕೆ ಹೊರೆ ಎತ್ತಿ ಅವನ ತಲೆಯ ಮೇಲಿಟ್ಟಳು.

ನೆಲದ ಅದುರು ಅವನ ಕಾಲಿಗೆ ತಿಳಿದಿರಬಹುದು ಎಂದು ಅಂದು ರಾತ್ರಿ ಬರೆದುಕೊಂಡೆ, ಆಮೇಲೆ ಹೊಡೆದುಹಾಕಿದೆ. ಎರಡು ಸಲ ಎಂಬ ಲೆಕ್ಕ ಕಾಲಿಗೆ ಹೇಗೆ ತಿಳಿದೀತು? ಈಗಲೂ ನನಗೆ ಉತ್ತರ ಗೊತ್ತಿಲ್ಲ. ಆ ಕಿವಿಗಳು ಒಂದು ಗಳಿಗೆ ತೆರೆದದ್ದೇ ನಿಜವಾದರೆ, ಇಲ್ಲದ ಸದ್ದೊಂದನ್ನು ಒಳಕ್ಕೆ ಬಿಟ್ಟುಕೊಂಡು, ಬೆನ್ನ ಹಿಂದೆಯೇ ನಿಂತು ಕೂಗಿದವಳ ದನಿಯನ್ನು ಏಕೆ ಹೊರಗೆ ನಿಲ್ಲಿಸಿದವೋ, ಅದೂ ಗೊತ್ತಿಲ್ಲ.