ಬ್ಯಾಡಗಿ ಚಹಾ

ಚಹಾ ಕುದಿಯುವಾಗ ನಾನು ಇಂದಿಗೂ ಒಲೆಯ ಮುಂದೆ ಬಾಯಿ ತೆರೆದು ನಿಲ್ಲುತ್ತೇನೆ. ಮನೆಯವರು ಇದನ್ನು ಸೋಮಾರಿತನ ಎನ್ನುತ್ತಾರೆ. ಆದರೆ ನೀವೇ ನೋಡಿ: ಎಲ್ಲಿಯದೋ ಬೆಟ್ಟದ ಎಲೆ, ಘಟ್ಟದ ಏಲಕ್ಕಿ, ಹಾನಗಲ್ ಕಡೆಯ ಶುಂಠಿ, ನಮ್ಮ ಓಣಿಯ ಎಮ್ಮೆಯ ಹಾಲು. ಒಂದಕ್ಕೊಂದು ಮುಖಪರಿಚಯವೂ ಇಲ್ಲದ ಇವು ಎರಡು ಕುದಿ ಬರುವಷ್ಟರಲ್ಲಿ ಹುಟ್ಟಿನಿಂದ ಜೊತೆಗಿದ್ದವರ ಹಾಗೆ ಒಂದಾಗಿಬಿಡುತ್ತವೆ. ನಮ್ಮ ಮನೆಯ ಮನುಷ್ಯರಿಗೆ ಇನ್ನಷ್ಟು ಹೊತ್ತು ಹಿಡಿಯಿತು.

ಊರಿಗೆ ಮೊಬೈಲು ಹೊಸದಾಗಿ ಬಂದ ಕಾಲ. ರಾಣೇಬೆನ್ನೂರಿನಿಂದ ಮದುವೆಯಾಗಿ ಬ್ಯಾಡಗಿಯ ನಮ್ಮ ಮನೆಗೆ ಬಂದ ನನ್ನ ಹೆಂಡತಿಗೆ ಅವ್ವ ರೊಟ್ಟಿ ಬಡಿಯಲು ಬಿಟ್ಟಳು, ಪಲ್ಯ ಮಾಡಲು ಬಿಟ್ಟಳು, ಚಹಾದ ಪಾತ್ರೆ ಮಾತ್ರ ಮುಟ್ಟಲು ಬಿಡಲಿಲ್ಲ. ಅಪ್ಪನ ಚಹಾ ಬೇರೆಯವರ ಕೈಗೆ ಒಗ್ಗುವುದಿಲ್ಲ ಎಂಬುದು ಅವಳ ನಂಬಿಕೆ. ಆ ಪಾತ್ರೆ ಕೈಗೆ ಬರುವ ತನಕ ತಾನು ಈ ಮನೆಗೆ ಬಂದುಹೋಗುವ ಅತಿಥಿಯೇ ಎಂದು ಹೆಂಡತಿ ಒಮ್ಮೆ ನನ್ನೆದುರು ಕಣ್ಣೊರೆಸಿಕೊಂಡಳು. ನಾನು ಗಂಭೀರವಾಗಿ ತಲೆಯಾಡಿಸಿ ಅವ್ವ ಮಾಡಿದ ಚಹಾ ಕುಡಿದೆ.

ಒಂದು ಬೆಳಿಗ್ಗೆ ಏನನ್ನಿಸಿತೋ, ಅವ್ವ ಪಾತ್ರೆಯನ್ನು ಅವಳ ಕೈಗಿಟ್ಟು ಪಡಸಾಲೆಗೆ ಬಂದು ಕುಳಿತಳು. ಒಳಗೆ ಶುಂಠಿ, ಏಲಕ್ಕಿ ಕುಟ್ಟುವ ಸದ್ದು. ಆಮೇಲೆ ಕಪ್ಪು-ಬಸಿ ಬಂದವು. ಅಪ್ಪ ಚಹಾವನ್ನು ಬಿಳಿ ಬಸಿಗೆ ಸುರಿದುಕೊಂಡರು. ಆರತಿ ನೀರಿನಷ್ಟು ಕೆಂಪು! ಸುಳ್ಳು ಯಾಕೆ ಹೇಳಲಿ, ಚಂದ ಇತ್ತು. ಕುಟ್ಟುವ ಕಲ್ಲಿನ ತಳದಲ್ಲಿ ಉಳಿದಿದ್ದ ಖಾರದ ಪುಡಿ ಬ್ಯಾಡಗಿ ಮೆಣಸಿನಕಾಯಿಯ ಕೀರ್ತಿಯನ್ನು ಹಾಲಿನಲ್ಲೂ ಉಳಿಸಿಕೊಂಡಿತ್ತು.

ಕತ್ತಲೆಯ ಅಡುಗೆಮನೆಯಿಂದ ಬೆಳಕಿಗೆ ಬಂದ ಮೇಲೆಯೇ ಹೆಂಡತಿಗೂ ಅದು ಕಂಡದ್ದು. ಅವಳು ಮುಚ್ಚಿಡಲಿಲ್ಲ. "ಮಾವಾರ, ಕುಡೀಬ್ಯಾಡ್ರಿ. ಕಲ್ಲಿನ್ಯಾಗ ಖಾರ ಇತ್ತು, ನಾ ನೋಡಲಿಲ್ಲ" ಎಂದಳು.

ಅಪ್ಪ ಮೆಣಸಿನಕಾಯಿ ದಲಾಲಿ ಅಂಗಡಿಯವರು, ಆಯುಷ್ಯವಿಡೀ ಬಣ್ಣ ನೋಡಿ ಬೆಲೆ ಕಟ್ಟಿದವರು. ಬಸಿಯನ್ನು ಬೆಳಕಿಗೆ ಹಿಡಿದು ನೋಡಿದರು. ಸೊರ್ ಎಂದು ಕುಡಿದರು. ಮತ್ತೆ ಸುರಿದುಕೊಂಡು ಕೊನೆಯ ಗುಟುಕಿನವರೆಗೂ ಕುಡಿದರು. ಹುಬ್ಬು ಕೂಡ ಅಲುಗಲಿಲ್ಲ.

"ಇದ ಊರಾಗ ಹುಟ್ಟಿ ಇಷ್ಟು ವರ್ಷ ಚಹಾ ಕುಡದೇನವ್ವಾ. ಬ್ಯಾಡಗಿ ಚಹಾ ಕುಡದದ್ದು ಇವತ್ತ" ಅಂದರು.

ಹಿಂದಿನ ಸಂಜೆ ಖಾರ ಕುಟ್ಟಿ ಕಲ್ಲನ್ನು ಹಾಗೇ ಬಿಟ್ಟವಳು ಅವ್ವ. ತಪ್ಪಾಯಿತು ಎನ್ನುವ ರೂಢಿ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಅವಳು ಸೆರಗು ಸರಿಮಾಡಿಕೊಂಡಳು. "ಸಂಜೀ ಚಹಾನೂ ನೀನ ಮಾಡವ್ವ. ಕಲ್ಲು ನಾ ತೊಳದ ಕೊಡ್ತೇನಿ" ಅಂದಳು. ಹೆಂಡತಿ ಅತ್ತಳೋ ನಕ್ಕಳೋ ನನಗೆ ತಿಳಿಯಲಿಲ್ಲ.

ಎಲ್ಲ ಸುಸೂತ್ರವಾಯಿತೆಂದು ನಾನೂ ನನ್ನ ಪಾಲಿನದನ್ನು ಒಂದು ಗುಟುಕು ಹೀರಿದೆ. ನಮ್ಮೂರ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಎಷ್ಟು ಜನರಿಗೆ ಹೇಳಿದ್ದೆನೋ, ಚಹಾದಲ್ಲಿ ಪರೀಕ್ಷಿಸಿರಲಿಲ್ಲ. ಗಂಟಲು ಹತ್ತಿ ಉರಿಯಿತು, ಉಸಿರು ಸಿಗದಷ್ಟು ಕೆಮ್ಮು ಬಂತು. ನೀರು ತುಂಬಿದ ಕಣ್ಣುಗಳಿಂದಲೇ ನೋಡಿದೆ: ಅಪ್ಪ ಖಾಲಿ ಕಪ್ಪನ್ನು ಸೊಸೆಯ ಮುಂದೆ ಹಿಡಿದು ಇನ್ನರ್ಧ ಕಪ್ಪು ಕೇಳುತ್ತಿದ್ದರು.